ಫಾರಂ ತುಂಬಿದವರು ಫೋನ್ ಎತ್ತುತ್ತಿಲ್ಲ: ಜಾಹೀರಾತಿನ ದುಡ್ಡು ಎಲ್ಲಿ ಸೋರುತ್ತಿದೆ?

ಹೊಸಿಲು (ಪ್ರಶ್ನೆ)

ನಮ್ಮದು ಇಬ್ಬರೇ ಇರುವ ರಿಯಲ್ ಎಸ್ಟೇಟ್ ಕಚೇರಿ. ಮರುಮಾರಾಟದ ಫ್ಲಾಟು, ಬಿಡಿ ಮನೆ, ಜೊತೆಗೆ ಒಂದಿಷ್ಟು ಬಾಡಿಗೆ. ದಯವಿಟ್ಟು ಸೆಟ್ಟಿಂಗ್ ಮಟ್ಟದಲ್ಲಿ ಹೇಳಿ. "ಕಂಟೆಂಟ್ ಚೆನ್ನಾಗಿರಲಿ" ಅನ್ನುವ ಸಲಹೆ ಬೇಕಾದಷ್ಟು ಸಿಕ್ಕಿದೆ.

ಈಗ ಇರುವುದು ಇಷ್ಟು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಇನ್‌ಸ್ಟಂಟ್ ಫಾರಂ (ಆ್ಯಪ್ ಒಳಗೇ ತೆರೆಯುವ ಫಾರಂ) ಜಾಹೀರಾತು. ಎರಡು ತಿಂಗಳಲ್ಲಿ 118 ಲೀಡ್ (ಫಾರಂ ತುಂಬಿದವರು). ಫೋನ್ ಎತ್ತಿದವರು 41. ಅವರಲ್ಲಿ 15 ಜನ "ನಾನು ಯಾವ ಫಾರಮ್ಮೂ ತುಂಬಿಲ್ಲ" ಅಂದರು. ಮನೆ ನೋಡಲು ಬಂದವರು 5. ವ್ಯಾಪಾರ ಒಂದೂ ಇಲ್ಲ. ಫಾರಂ "ಮೋರ್ ವಾಲ್ಯೂಮ್" ಮಾದರಿ (ಹೆಚ್ಚು ಲೀಡ್ ಸಿಗಲೆಂದು ಬೇಗ ತುಂಬುವಂಥದ್ದು). ಹೆಸರು, ಫೋನ್, ಇಮೇಲ್ ಮಾತ್ರ ಕೇಳುತ್ತೇವೆ. ನಾಲ್ಕು ಆ್ಯಡ್ ಸೆಟ್ (ಜಾಹೀರಾತುಗಳ ಗುಂಪು), ಬಜೆಟ್ ಸಮನಾಗಿ ಹಂಚಿದೆ. ಜಾಹೀರಾತಿನ ಚಿತ್ರ ಆರು ಮನೆಗಳ ಕೊಲಾಜ್, ಮೇಲೆ ನಮ್ಮ ನಂಬರು. ಲೀಡುಗಳ ಪಟ್ಟಿಯನ್ನು ಸಂಜೆ ಇಳಿಸಿಕೊಂಡು ಮರುದಿನ ಬೆಳಿಗ್ಗೆ ಕರೆ ಮಾಡುತ್ತೇವೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಇದೆ, ಮೂರು ರಿವ್ಯೂ. ವೆಬ್‌ಸೈಟ್ ಒಂದೇ ಪುಟದ್ದು.

ಪ್ರಶ್ನೆಗಳು: ದುಡ್ಡನ್ನೆಲ್ಲ ಗೂಗಲ್ ಸರ್ಚ್ ಜಾಹೀರಾತಿಗೆ ತಿರುಗಿಸಬೇಕೇ? ಹತ್ತು ಸಾವಿರ ನಂಬರಿಗೆ ಒಟ್ಟಿಗೆ ವಾಟ್ಸ್ಆ್ಯಪ್ ಕಳಿಸುವ ಸಾಫ್ಟ್‌ವೇರ್ ಕೊಳ್ಳಬಹುದೇ? ರೀಲ್ಸ್‌ನಿಂದ ನಿಜಕ್ಕೂ ವ್ಯಾಪಾರ ಬರುತ್ತದೆಯೇ?

---

ಕ್ಲಿಕ್‌ಲೆಕ್ಕ

ಗೂಗಲ್‌ಗೆ ಓಡುವ ಮೊದಲು ಈಗಿರುವ ತೂತು ಮುಚ್ಚಿ. ಅಲ್ಲೂ ಮರುದಿನ ಬೆಳಿಗ್ಗೆಯೇ ಕರೆ ಮಾಡಿದರೆ ಕಥೆ ಇದೇ, ಖರ್ಚು ಮಾತ್ರ ಜಾಸ್ತಿ.

"ಫಾರಂ ತುಂಬಿಲ್ಲ" ಅಂದವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿಲ್ಲ. ಇನ್‌ಸ್ಟಂಟ್ ಫಾರಂನಲ್ಲಿ ಹೆಸರು, ಫೋನ್, ಇಮೇಲ್ ಮೂರೂ ಅವರ ಪ್ರೊಫೈಲ್‌ನಿಂದ ತಾನಾಗಿ ಬಂದು ಕೂತಿರುತ್ತವೆ. ಬೆರಳನ್ನು ಎರಡು ಸಲ ಒತ್ತಿದರೆ ಆಯಿತು, ಏನನ್ನೂ ಬರೆಯಬೇಕಿಲ್ಲ. ಮರುದಿನದ ಹೊತ್ತಿಗೆ ಅದು ನೆನಪಲ್ಲಿ ಉಳಿಯುವುದಿಲ್ಲ. ಎಷ್ಟೋ ಪ್ರೊಫೈಲ್‌ಗಳಲ್ಲಿ ಇರುವುದು ಖಾತೆ ತೆರೆದ ಕಾಲದ ಹಳೇ ನಂಬರು; ನೀವು ಕರೆ ಮಾಡಿದಾಗ ಎತ್ತುವವರು ಬೇರೆ ಯಾರೋ.

ಫಾರಂ ಹೀಗೆ ಬದಲಿಸಿ. ಮಾದರಿಯನ್ನು "ಹೈಯರ್ ಇಂಟೆಂಟ್"ಗೆ ಹಾಕಿ. ಆಗ ಕಳಿಸುವ ಮುನ್ನ ಒಮ್ಮೆ ಓದಿ ಖಚಿತಪಡಿಸುವ ಹಂತ ಸೇರುತ್ತದೆ. ಫೋನ್ ನಂಬರಿಗೆ ಓಟಿಪಿ ಕಳಿಸುವ ಆಯ್ಕೆ ನಿಮ್ಮ ಖಾತೆಯಲ್ಲಿ ಕಂಡರೆ ಅದನ್ನೂ ಹಚ್ಚಿ. ಆಮೇಲೆ ತಾನಾಗಿ ತುಂಬದ ಎರಡು ಮೂರು ಪ್ರಶ್ನೆ ಸೇರಿಸಿ:

– ಯಾವಾಗ ಕೊಳ್ಳುವ ಯೋಚನೆ? (1 ತಿಂಗಳೊಳಗೆ / 3 ತಿಂಗಳೊಳಗೆ / 6 ತಿಂಗಳಾಗಬಹುದು / ಸುಮ್ಮನೆ ನೋಡುತ್ತಿದ್ದೇನೆ)
– ಸಾಲ ಬೇಕೇ? (ಮಂಜೂರಾಗಿದೆ / ಅರ್ಜಿ ಹಾಕಬೇಕು / ಬೇಡ)
– ಯಾವ ಹೊತ್ತಿಗೆ ಕರೆ ಮಾಡಲಿ? (ಇದನ್ನು ಅವರೇ ಬರೆಯಲಿ)

ಮೂರನೆಯದೇ ದೊಡ್ಡ ಜರಡಿ. "ಸಂಜೆ ಏಳರ ಮೇಲೆ" ಎಂದು ಕೈಯಾರೆ ಬರೆದವನಿಗೆ ತಾನು ಬರೆದದ್ದು ನೆನಪಿರುತ್ತದೆ. ನಾಲ್ಕಕ್ಕಿಂತ ಹೆಚ್ಚು ಪ್ರಶ್ನೆ ಬೇಡ, ಒಳ್ಳೆಯ ಪಾರ್ಟಿಯೂ ಅರ್ಧಕ್ಕೆ ಬಿಟ್ಟು ಹೋಗುತ್ತದೆ. ಲೀಡುಗಳ ಸಂಖ್ಯೆ ಬೀಳುತ್ತದೆ, ಒಂದೊಂದು ಲೀಡಿನ ಖರ್ಚು ಏರುತ್ತದೆ. ಅದನ್ನು ಕಂಡು ಗಾಬರಿಯಾಗಿ ಹಳೇ ಫಾರಂಗೆ ಮರಳಬೇಡಿ. ನೀವು ನೋಡಬೇಕಾದ್ದು ಲೀಡಿನ ಖರ್ಚಲ್ಲ, ಮನೆ ನೋಡಲು ಬಂದ ಒಬ್ಬೊಬ್ಬರಿಗೆ ಆದ ಖರ್ಚು.

ನಾಲ್ಕು ಆ್ಯಡ್ ಸೆಟ್ ಬೇಡ. ಮೆಟಾದ (ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಕಂಪನಿ) ವ್ಯವಸ್ಥೆ ಕಲಿಕೆಯ ಹಂತ, ಅಂದರೆ ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ಕಲಿಯುವ ಹಂತ, ದಾಟಲು ಒಂದು ಆ್ಯಡ್ ಸೆಟ್‌ಗೆ 7 ದಿನದಲ್ಲಿ ಸುಮಾರು 50 ಫಲಿತಾಂಶ ಬೇಕು. ನಿಮ್ಮದು ವಾರಕ್ಕೆ ಹದಿನಾಲ್ಕು. ನಾಲ್ಕಕ್ಕೆ ಹಂಚಿದರೆ ಒಂದಕ್ಕೆ ಮೂರೂವರೆ. ನಾಲ್ಕೂ ಸದಾ ಕಲಿಯುತ್ತಲೇ ಇರುತ್ತವೆ. ಒಂದಕ್ಕೆ ಇಳಿಸಿ, ಅದರೊಳಗೆ ಮೂರು ನಾಲ್ಕು ಬೇರೆ ಬೇರೆ ಜಾಹೀರಾತು ಇಡಿ. ಒಂದೇ ಆದರೂ 50 ಮುಟ್ಟದಿರಬಹುದು, ಆದರೂ ಚೂರು ಚೂರು ಮಾಡುವುದಕ್ಕಿಂತ ವಾಸಿ. ಹಾಕಿದ ಮೇಲೆ ಒಂದು ವಾರ ಮುಟ್ಟಬೇಡಿ: ಟಾರ್ಗೆಟಿಂಗ್ (ಯಾರಿಗೆ ತೋರಿಸಬೇಕು ಅನ್ನುವುದು), ಚಿತ್ರ, ಬಜೆಟ್ಟಿನಲ್ಲಿ ದೊಡ್ಡ ಬದಲಾವಣೆ ಮಾಡಿದಾಗಲೆಲ್ಲ ಕಲಿಕೆ ಮೊದಲಿನಿಂದ ಶುರುವಾಗುತ್ತದೆ. ಪ್ಲೇಸ್‌ಮೆಂಟ್‌ನಲ್ಲಿ (ಜಾಹೀರಾತು ಎಲ್ಲಿ ಕಾಣಬೇಕೆಂಬ ಆಯ್ಕೆ) ಆಡಿಯನ್ಸ್ ನೆಟ್‌ವರ್ಕ್ ತೆಗೆಯಿರಿ. ಬೇರೆ ಆ್ಯಪ್, ಆಟಗಳ ನಡುವೆ ಕೈತಪ್ಪಿ ಒತ್ತಿದ ಕ್ಲಿಕ್ಕು ಬರುವುದು ಅಲ್ಲಿಂದಲೇ.

ಇನ್ನೊಂದು ಗಮನಿಸಿ: ಕೆಲವು ದೇಶಗಳಲ್ಲಿ ಮನೆ ಜಾಹೀರಾತು "ಸ್ಪೆಷಲ್ ಆ್ಯಡ್ ಕೆಟಗರಿ"ಯಲ್ಲೇ ಬರಬೇಕು, ಅಲ್ಲಿ ವಯಸ್ಸು, ಲಿಂಗ, ಪಿನ್‌ಕೋಡ್ ಆರಿಸಲು ಬಿಡುವುದಿಲ್ಲ. ನಿಮ್ಮಲ್ಲಿ ಆ ನಿಯಮ ಇದ್ದು ನೀವು ಟಿಕ್ ಮಾಡದಿದ್ದರೆ ಜಾಹೀರಾತು ತಿರಸ್ಕಾರವಾಗುತ್ತದೆ, ಪದೇ ಪದೇ ಆದರೆ ಖಾತೆಗೇ ಕುತ್ತು.

ಕೊಲಾಜ್ ಕಿತ್ತುಹಾಕಿ. ಆರು ಮನೆ ಸೇರಿಸಿ ತೋರಿಸಿದರೆ ಒಂದೂ ಕಾಣುವುದಿಲ್ಲ. ಒಂದು ಜಾಹೀರಾತು, ಒಂದು ಮನೆ, ಒಂದು ಬೆಲೆ. ಬರಹ ಹೀಗಿದ್ದರೆ ಸಾಕು:

"2 ಬೆಡ್‌ರೂಂ ಫ್ಲಾಟ್, ಮೂರನೇ ಮಹಡಿ, ಲಿಫ್ಟ್ ಇದೆ. ಕಾರ್ಪೆಟ್ ಏರಿಯಾ 780 ಚದರ ಅಡಿ. ಕಟ್ಟಿ 9 ವರ್ಷ. ಒಂದು ಕಾರಿಗೆ ಜಾಗ. ಅಡುಗೆಮನೆ ಚಿಕ್ಕದು, ಬಾಲ್ಕನಿ ದೊಡ್ಡದು. ಬೆಲೆ ಇಷ್ಟು. ನೋಡಲು ಶನಿವಾರ, ಭಾನುವಾರ."

"ಅಡುಗೆಮನೆ ಚಿಕ್ಕದು" ಅನ್ನುವ ಮಾತನ್ನು ತೆಗೆಯಬೇಡಿ. ದೊಡ್ಡ ಅಡುಗೆಮನೆಯೇ ಬೇಕು ಅನ್ನುವವರು ಅಲ್ಲೇ ನಿಲ್ಲುತ್ತಾರೆ, ನಿಮ್ಮ ಒಂದು ಓಡಾಟ ಉಳಿಯುತ್ತದೆ. ಉಳಿದ ಸಾಲುಗಳೂ ನಿಜವೆಂದು ಓದುವವರಿಗೆ ಅನ್ನಿಸುವುದು ಆ ಒಂದು ಸಾಲಿನಿಂದ.

ಈಗ ಕರೆಯ ವಿಚಾರ. 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಆನ್‌ಲೈನ್ ವಿಚಾರಣೆ ಬಂದ ಒಂದು ಗಂಟೆಯೊಳಗೆ ಸಂಪರ್ಕಿಸಲು ನೋಡಿದ ಕಂಪನಿಗಳಿಗೆ ಸರಿಯಾದ ವ್ಯಕ್ತಿಯ ಜೊತೆ ಮಾತುಕತೆ ಕುದುರುವ ಸಾಧ್ಯತೆ, ಇನ್ನೊಂದು ಗಂಟೆ ತಡ ಮಾಡಿದವರಿಗಿಂತಲೂ ಸುಮಾರು 7 ಪಟ್ಟು ಹೆಚ್ಚಿತ್ತು. ಅದು ಮನೆ ವ್ಯಾಪಾರದ್ದೇ ಲೆಕ್ಕವಲ್ಲ, ಆದರೆ ದಿಕ್ಕು ಅದೇ. ಫಾರಂ ತುಂಬಿದವನು ಅದೇ ಹತ್ತು ನಿಮಿಷದಲ್ಲಿ ಇನ್ನೂ ಮೂವರು ಏಜೆಂಟರ ಜಾಹೀರಾತು ನೋಡಿರುತ್ತಾನೆ.

ಸಂಜೆ ಫೈಲ್ ಇಳಿಸುವುದನ್ನು ಬಿಡಿ. ಲೀಡ್ ಬಂದ ಕೂಡಲೇ ಇಬ್ಬರ ಫೋನಿಗೂ ಸೂಚನೆ ಬರುವಂತೆ ಸಿಆರ್‌ಎಂ (ಗ್ರಾಹಕರ ದಾಖಲೆ ಇಡುವ ಸಾಫ್ಟ್‌ವೇರ್) ಅಥವಾ ಗೂಗಲ್ ಶೀಟ್‌ಗೆ ಜೋಡಿಸಿ. ಮೆಟಾದಲ್ಲಿ ಲೀಡ್ ಇಳಿಸಿಕೊಳ್ಳಲು ಸಿಗುವುದು 90 ದಿನ ಮಾತ್ರ, ಆಮೇಲೆ ಹೋದದ್ದು ಹೋಯಿತು. ಮೊದಲು ಕರೆ ಮಾಡಬೇಡಿ, ಸಂದೇಶ ಕಳಿಸಿ, ಗುರುತಿಲ್ಲದ ನಂಬರನ್ನು ಜನ ಎತ್ತುವುದಿಲ್ಲ:

"ನಮಸ್ಕಾರ. ಮೂರನೇ ಮಹಡಿಯ 2 ಬೆಡ್‌ರೂಂ ಫ್ಲಾಟಿನ ವಿವರ ಈಗಷ್ಟೇ ಕೇಳಿದ್ದಿರಿ. ಇನ್ನು ಐದು ನಿಮಿಷಕ್ಕೆ ಇದೇ ನಂಬರಿನಿಂದ ಕರೆ ಮಾಡುತ್ತೇನೆ. ಈಗ ಅನುಕೂಲವಿಲ್ಲದಿದ್ದರೆ ಸಮಯ ತಿಳಿಸಿ."

ಎತ್ತದಿದ್ದರೆ ಅದೇ ದಿನ ಸಂಜೆ ಒಂದು, ಮರುದಿನ ಬೇರೆ ಹೊತ್ತಿಗೆ ಒಂದು, ನಾಲ್ಕನೇ ದಿನ ಕೊನೆಯದು. ಆಮೇಲೆ ಹತ್ತನೇ ದಿನ ಅಂಥದ್ದೇ ಇನ್ನೊಂದು ಮನೆ ಬಂದಿದ್ದರೆ ಮಾತ್ರ ಸಂದೇಶ. ಇದರ ಮೇಲೆ ಹೋದರೆ ಬ್ಲಾಕ್ ಮಾಡುತ್ತಾರೆ.

---

ನಕ್ಷೆಪಿನ್

ಮೇಲಿನವರು ಜಾಹೀರಾತಿನ ಬಗ್ಗೆ ಹೇಳಿದ್ದಾರೆ, ನಾನು ದುಡ್ಡಿಲ್ಲದೆ ಆಗುವ ಕೆಲಸ ಹೇಳುತ್ತೇನೆ. ಮನೆ ಮಾರಬೇಕೆಂದಿರುವ ಮಾಲೀಕರು ರೀಲ್ಸ್ ನೋಡಿ ಏಜೆಂಟನ್ನು ಹುಡುಕುವುದು ಕಡಿಮೆ, ಮ್ಯಾಪ್‌ನಲ್ಲಿ ಹುಡುಕುವುದು ಜಾಸ್ತಿ. ಮರುಮಾರಾಟದಲ್ಲಿ ಮಾಲೀಕರು ಸಿಕ್ಕರೆ ಕೊಳ್ಳುವವರನ್ನು ಹುಡುಕುವುದು ಅರ್ಧ ಕೆಲಸ.

ಗೂಗಲ್ ಪ್ರೊಫೈಲ್‌ನಲ್ಲಿ ನಿಮ್ಮ ಹೆಸರು ಬೋರ್ಡಿನಲ್ಲಿ ಇರುವಂತೆಯೇ ಇರಬೇಕು. ಹೆಸರಿನ ಪಕ್ಕ "ಬೆಸ್ಟ್ ಏಜೆಂಟ್ ಫ್ಲಾಟ್ ಸೈಟ್ ಬಾಡಿಗೆ" ಅಂತ ಪೋಣಿಸಿದ್ದರೆ ಇವತ್ತೇ ತೆಗೆಯಿರಿ. ಸ್ವಲ್ಪ ದಿನ ಹುಡುಕಾಟದಲ್ಲಿ ಮೇಲೆ ಕಾಣಬಹುದು, ಆದರೆ ಎದುರಾಳಿ ಒಬ್ಬ ದೂರು ಕೊಟ್ಟರೆ ಪ್ರೊಫೈಲ್ ಅಮಾನತಾಗಬಹುದು. ಬಿಡಿಸಿಕೊಳ್ಳಲು ಬೋರ್ಡಿನ ಫೋಟೊ, ನೋಂದಣಿ ಪತ್ರ, ಬಿಲ್ಲು ಎಲ್ಲ ಹೊಂದಿಸಬೇಕು. ಅಷ್ಟು ದಿನ ರಿವ್ಯೂ ಸಮೇತ ಮಾಯ.

ಮುಖ್ಯ ಕೆಟಗರಿ ಕಚೇರಿಗಾದರೆ "ರಿಯಲ್ ಎಸ್ಟೇಟ್ ಏಜೆನ್ಸಿ", ವ್ಯಕ್ತಿಗಾದರೆ "ರಿಯಲ್ ಎಸ್ಟೇಟ್ ಏಜೆಂಟ್". ಜೊತೆಗೆ 9 ಕೆಟಗರಿ ಸೇರಿಸಬಹುದು, ಆದರೆ ನೀವು ಮಾಡದ ಕೆಲಸವನ್ನು ಸೇರಿಸಬೇಡಿ. ವಿವರಣೆಗೆ 750 ಅಕ್ಷರ. ಮಾರಾಟಕ್ಕಿರುವ ಖಾಲಿ ಫ್ಲಾಟು, ಮಾದರಿ ಮನೆ ಇವುಗಳ ಮೇಲೆ ಪ್ರೊಫೈಲ್ ತೆರೆಯಲು ಗೂಗಲ್ ಬಿಡುವುದಿಲ್ಲ. ಸಿಬ್ಬಂದಿ ಕೂರುವ ಮಾರಾಟ ಕಚೇರಿಗೆ ಬಿಡುತ್ತದೆ.

ಕಚೇರಿಗೆ ಗ್ರಾಹಕರು ಬರುವುದೇ ಇಲ್ಲ, ನೀವೇ ಹೋಗಿ ಮನೆ ತೋರಿಸುತ್ತೀರಿ ಅಂತಾದರೆ ವಿಳಾಸ ಮರೆಮಾಡಿ ಸೇವಾ ಪ್ರದೇಶ ಹಾಕಿ. 20 ಪ್ರದೇಶದವರೆಗೆ ಹಾಕಬಹುದು; ಒಟ್ಟು ಗಡಿ ನಿಮ್ಮ ಜಾಗದಿಂದ ಸುಮಾರು ಎರಡು ಗಂಟೆ ಡ್ರೈವ್‌ನೊಳಗೆ ಇರಲಿ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಪ್ರದೇಶ ಸೇರಿಸಿದ ಮಾತ್ರಕ್ಕೆ ಅಲ್ಲಿ ಮೇಲೆ ಬರುವುದಿಲ್ಲ. ಗೂಗಲ್ ಲೆಕ್ಕ ಹಾಕುವುದು ಹುಡುಕಿದ ವಿಷಯಕ್ಕೆ ನೀವೆಷ್ಟು ಹೊಂದುತ್ತೀರಿ, ಹುಡುಕಿದವರಿಂದ ನೀವೆಷ್ಟು ದೂರ, ನಿಮ್ಮ ಹೆಸರು ಎಷ್ಟು ಚಲಾವಣೆಯಲ್ಲಿದೆ ಎಂಬ ಮೂರನ್ನು. ದೂರವನ್ನು ನೀವು ಬದಲಿಸಲಾರಿರಿ. ಉಳಿದೆರಡಕ್ಕೆ ರಿವ್ಯೂ ಮತ್ತು ವೆಬ್‌ಸೈಟ್.

ರಿವ್ಯೂ ಕೇಳುವ ಹೊತ್ತು ನೋಂದಣಿ ಮುಗಿದು ಕೀಲಿ ಕೈಗೆ ಬಂದ ದಿನ. ಒಂದು ವಾರ ಕಳೆದರೆ ಸಾಮಾನು ಸಾಗಿಸುವ ಗಲಾಟೆಯಲ್ಲಿ ನೀವು ಮರೆತುಹೋಗುತ್ತೀರಿ. ಪ್ರೊಫೈಲ್‌ನಲ್ಲೇ ಸಿಗುವ ನೇರ ಲಿಂಕ್ ಕಳಿಸಿ. "ಒಳ್ಳೇದು ಬರೀರಿ" ಅನ್ನಬೇಡಿ. "ಯಾವ ಏರಿಯಾ, ಎಂಥ ಮನೆ, ಎಲ್ಲಿ ಸಹಾಯವಾಯಿತು ಅಂತ ಎರಡು ಸಾಲು ಬರೆದರೆ ಸಾಕು" ಅನ್ನಿ. ಆಗ ಬರುವ ರಿವ್ಯೂನಲ್ಲಿ ಜಾಗದ ಹೆಸರು, ಕೆಲಸದ ಹೆಸರು ತಾನಾಗಿ ಬರುತ್ತದೆ. ರಿಯಾಯಿತಿ, ಉಡುಗೊರೆ ಕೊಟ್ಟು ಬರೆಸುವುದು ನಿಷಿದ್ಧ. ಖುಷಿಯಾದವರಿಗೆ ಮಾತ್ರ ಲಿಂಕ್ ಕಳಿಸಿ ಬೇಸರಗೊಂಡವರನ್ನು ಬೇರೆ ಕಡೆ ತಿರುಗಿಸುವುದೂ ನಿಷಿದ್ಧ. ಕಚೇರಿಯ ವೈಫೈನಲ್ಲೇ ಒಂದೇ ದಿನ ಎಂಟು ಜನರಿಂದ ಬರೆಸಿದರೆ ಅವು ಅಳಿಸಿಹೋಗುವ ಸಂಭವವೇ ಹೆಚ್ಚು. ಉತ್ತರ ಬರೆಯುವಾಗ ವ್ಯವಹಾರದ ಮೊತ್ತ, ಫ್ಲಾಟ್ ನಂಬರ್ ಬಾಯಿಬಿಡಬೇಡಿ.

ವೆಬ್‌ಸೈಟ್ ಒಂದೇ ಪುಟವಾದರೆ ಸಾಲದು. ನೀವು ಹೆಚ್ಚು ವ್ಯವಹಾರ ಮಾಡುವ ನಾಲ್ಕೈದು ಬಡಾವಣೆಗೆ ಒಂದೊಂದು ಪುಟ ಮಾಡಿ. "ಪ್ರಶಾಂತ ವಾತಾವರಣ, ಉತ್ತಮ ಸಂಪರ್ಕ" ಅಂತ ಬರೆದು ಹೆಸರು ಮಾತ್ರ ಬದಲಿಸಿದ ಪುಟಗಳಿಂದ ಏನೂ ಆಗದು. ಮಳೆ ಬಂದರೆ ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ನಿಲ್ದಾಣಕ್ಕೆ ನಡೆದರೆ ಎಷ್ಟು ನಿಮಿಷ, ಯಾವ ಕಟ್ಟಡದಲ್ಲಿ ಲಿಫ್ಟ್ ಹಳೆಯದು, ನಿರ್ವಹಣಾ ಶುಲ್ಕದಲ್ಲಿ ಏನೇನು ಸೇರಿದೆ, ನೆಂಟರ ಕಾರಿಗೆ ಜಾಗ ಉಂಟೇ ಎಂಬುದನ್ನು ಬರೆಯಿರಿ. ಮನೆ ಜಾಹೀರಾತಿನ ಪೋರ್ಟಲ್‌ನವರು ಇದನ್ನು ಬರೆಯಲಾರರು, ಅವರು ಅಲ್ಲಿ ಓಡಾಡುವುದಿಲ್ಲ.

ಮಾರಾಟವಾದ ಮನೆಯ ಪುಟ ಅಳಿಸಬೇಡಿ, ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಲೂಬೇಡಿ. ಹಾಗೆ ಮಾಡಿದರೆ ಗೂಗಲ್ ಅದನ್ನು ಇಲ್ಲದ ಪುಟದಂತೆಯೇ ನೋಡುತ್ತದೆ. ಮೇಲೆ "ಮಾರಾಟವಾಗಿದೆ" ಎಂದು ದೊಡ್ಡದಾಗಿ ಹಾಕಿ, ಕೆಳಗೆ ಅದೇ ಬಡಾವಣೆಯ ಸದ್ಯದ ಮನೆಗಳ ಲಿಂಕ್ ಕೊಡಿ. ಮಾಲೀಕರಿಗೆ ಅದೇ ನಿಮ್ಮ ಕೆಲಸದ ಸಾಕ್ಷಿ.

---

ಅಗಲಲೆನ್ಸು

ರೀಲ್ಸ್ ಕೇಳಿದ್ರಲ್ಲ. ಅದಕ್ಕೂ ಮೊದಲು ಫೋಟೊ ಸರಿ ಮಾಡ್ಕೊಳ್ಳಿ. ಮನೆ ಚೆನ್ನಾಗಿದ್ದು ಫೋಟೊ ಕೆಟ್ಟದ್ದಿದ್ರೆ ಜಾಹೀರಾತಿನ ಖರ್ಚು ದಂಡ.

ಫೋನಲ್ಲೇ ಆಗುತ್ತೆ. ಎದೆ ಎತ್ತರದಲ್ಲಿ, ಅಂದ್ರೆ ನೆಲದಿಂದ 1.2ರಿಂದ 1.4 ಮೀಟರ್‌ನಲ್ಲಿ ಹಿಡೀರಿ. ಕಣ್ಣೆತ್ತರದಿಂದ ಕೆಳಗೆ ಬಾಗಿಸಿ ತೆಗೆದ್ರೆ ಗೋಡೆಗಳು ಬೀಳೋ ಹಾಗೆ ಕಾಣ್ತವೆ. ಗ್ರಿಡ್ ಹಾಕ್ಕೊಂಡು ಬಾಗಿಲ ಚೌಕಟ್ಟು ಗೆರೆಗೆ ನೇರ ಇದೆಯಾ ನೋಡಿ. 0.5 ಲೆನ್ಸು ಸುಮಾರು 13–15 ಮಿ.ಮೀ.ಗೆ ಸಮ, ಅಂಚಲ್ಲಿರೋ ಫ್ರಿಜ್ಜು, ಮಂಚ ಎಲ್ಲ ಎಳೆದ ರಬ್ಬರ್ ಥರ ಬರುತ್ತೆ. ಕೋಣೆ ದೊಡ್ಡದು ಅಂತ ನಂಬಿ ಬಂದವರು ಬಾಗಿಲಲ್ಲೇ ಮುಖ ಸಣ್ಣ ಮಾಡ್ತಾರೆ. 0.5ರಲ್ಲಿ ತೆಗೆದು ನಾಲ್ಕೂ ಅಂಚು ಸ್ವಲ್ಪ ಕತ್ತರಿಸಿ, ಅಥವಾ ಹಿಂದೆ ಸರಿದು 1ರಲ್ಲೇ ತೆಗೀರಿ.

ಕಿಟಕಿ ಬೆಳ್ಳಗೆ ಸುಟ್ಟು ಹೋಗದ ಹಾಗೆ ಎಚ್‌ಡಿಆರ್ ಆನ್ ಇರಲಿ. ಒಂದು ಕೋಣೆಯಲ್ಲಿ ಹಳದಿ ಬಲ್ಬು, ಬಿಳಿ ಟ್ಯೂಬ್‌ಲೈಟು ಎರಡೂ ಉರಿಯೋದು ಬೇಡ, ಗೋಡೆ ಬಣ್ಣ ಯಾವುದು ಅಂತಲೇ ಗೊತ್ತಾಗಲ್ಲ. ಕಮೋಡ್ ಮುಚ್ಚಳ ಹಾಕಿ, ಒಣಗಿಸಿದ ಬಟ್ಟೆ, ಬಕೆಟ್ಟು, ಗೋಡೆ ಮೇಲಿನ ಮನೆಯವರ ಫೋಟೊ ತೆಗೀರಿ. ಕನ್ನಡಿಯಲ್ಲಿ ನೀವು ಕಾಣ್ತಿದ್ದೀರಾ ನೋಡ್ಕೊಳ್ಳಿ. ನಗಬೇಡಿ, ಹತ್ತರಲ್ಲಿ ಮೂರು ಲಿಸ್ಟಿಂಗ್‌ನಲ್ಲಿ ಏಜೆಂಟರ ಮೊಣಕೈ ಇರುತ್ತೆ.

ಫೋಟೊಗಳನ್ನ ವಾಟ್ಸ್ಆ್ಯಪಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿ ಅದನ್ನೇ ಪೋರ್ಟಲ್‌ಗೆ ಹಾಕ್ತಾರೆ, ಹಿಂಡಿ ಹಿಪ್ಪೆಯಾಗಿರುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ವೆಬ್‌ಸೈಟಿಗೆ ಹಾಕುವಾಗ ಮಾತ್ರ ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಮಾದರಿಯಲ್ಲಿ 300 ಕೆಬಿ ಒಳಗೆ ಇರಲಿ. ಮೊದಲ ಚಿತ್ರಕ್ಕೆ ಲೇಜಿ ಲೋಡ್ (ಪುಟ ಸರಿಸಿ ಹತ್ತಿರ ಬಂದಾಗ ಮಾತ್ರ ಚಿತ್ರ ತರೋ ಸೆಟ್ಟಿಂಗ್) ಹಾಕ್ಬೇಡಿ. ಪುಟದ ದೊಡ್ಡ ಚಿತ್ರ 2.5 ಸೆಕೆಂಡಲ್ಲಿ ಕಾಣಬೇಕು ಅನ್ನೋದು ಗೂಗಲ್ ಇಟ್ಟಿರೋ ಅಳತೆ. ಲೇಜಿ ಲೋಡ್ ಅದನ್ನೇ ತಡ ಮಾಡುತ್ತೆ.

ರೀಲ್ಸ್: 1080×1920, ಉದ್ದಕ್ಕೆ ಹಿಡಿದು. 30–40 ಸೆಕೆಂಡ್ ಸಾಕು. ಮೊದಲ ಶಾಟ್ ಗೇಟು, ನಿಮ್ಮ ಲೋಗೊ ಬೇಡ. ಆ ಮನೆಯ ಅತಿ ಒಳ್ಳೆ ಜಾಗದಿಂದ ಶುರು ಮಾಡಿ. ಆಮೇಲೆ ಬಾಗಿಲಿಂದ ಒಳಗೆ ನಡೆಯೋ ಕ್ರಮದಲ್ಲೇ ತೋರಿಸಿ, ಇಲ್ಲಾಂದ್ರೆ ಯಾವ ಕೋಣೆ ಎಲ್ಲಿ ಅಂತ ನೋಡೋರಿಗೆ ಹೊಳೆಯಲ್ಲ. ಒಂದು ಶಾಟ್ 3ರಿಂದ 4 ಸೆಕೆಂಡ್. ಬರಹವನ್ನ ಚೌಕಟ್ಟಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹಾಕ್ಬೇಡಿ, ಅಲ್ಲಿ ಆ್ಯಪ್‌ನ ಹೆಸರು, ಬಟನ್ನು, ಕ್ಯಾಪ್ಷನ್ ಬಂದು ಕೂರುತ್ತೆ. ಸದ್ದು ಇಲ್ದೆ ನೋಡೋರೇ ಜಾಸ್ತಿ ಅಂತ ಇಟ್ಕೊಂಡು ಅಳತೆ, ಬೆಲೆ ಎರಡನ್ನೂ ಪರದೆ ಮೇಲೆ ಬರೀರಿ.

ವ್ಯಾಪಾರ ಬರುತ್ತಾ? ರೀಲ್ಸ್ ನೋಡಿದವ್ನು ಅದೇ ದಿನ ಕರೆ ಮಾಡೋದು ಕಡಿಮೆ. ಆದ್ರೆ ವಿಡಿಯೊವನ್ನ ಅರ್ಧಕ್ಕಿಂತ ಜಾಸ್ತಿ ನೋಡಿದವರ ಗುಂಪನ್ನ ಮೆಟಾ ಕಸ್ಟಮ್ ಆಡಿಯನ್ಸ್ ಮಾಡಿ ಕೊಡುತ್ತೆ. ಕ್ಲಿಕ್‌ಲೆಕ್ಕ ಅವರು ಹೇಳಿದ ಫಾರಂ ಜಾಹೀರಾತನ್ನ ಆ ಗುಂಪಿಗೆ ತೋರಿಸಿ. ರೀಲ್ಸ್‌ನಿಂದ ನಿಮಗಾಗೋ ಉಪಯೋಗ ಇಷ್ಟು, ವ್ಯೂಸ್ ಎಣಿಸೋದರಲ್ಲಿ ಏನೂ ಇಲ್ಲ.

---

ಹೊಸಿಲು

ತುಂಬಾ ಉಪಕಾರ. ಎರಡು ಸಂದೇಹ ಉಳಿದಿವೆ. ಒಂದು, ಬೆಲೆ ಹಾಕಿದರೆ ಫೋನೇ ಬರುವುದಿಲ್ಲ, "ಬೆಲೆಗಾಗಿ ಸಂಪರ್ಕಿಸಿ" ಅಂತಲೇ ಹಾಕಿ ಎಂದು ಮಾಲೀಕರು ಪಟ್ಟು ಹಿಡಿಯುತ್ತಾರೆ. ಇನ್ನೊಂದು, ಬಲ್ಕ್ ವಾಟ್ಸ್ಆ್ಯಪ್ ಬಗ್ಗೆ ಯಾರೂ ಹೇಳಲಿಲ್ಲ.

---

ಹಸಿರುಟಿಕ್

ಬಲ್ಕ್ ಸಾಫ್ಟ್‌ವೇರ್ ಬೇಡವೇ ಬೇಡ. ಅವು ವಾಟ್ಸ್ಆ್ಯಪ್ ವೆಬ್ಬನ್ನು ಯಂತ್ರದಿಂದ ಓಡಿಸುತ್ತವೆ, ಅದು ನಿಯಮಕ್ಕೆ ವಿರುದ್ಧ. ಗುರುತಿಲ್ಲದ ನೂರಾರು ಜನರಿಗೆ ಒಂದೇ ಸಂದೇಶ ಹೋಗಿ, ಅವರಲ್ಲಿ ಒಂದಿಷ್ಟು ಜನ "ರಿಪೋರ್ಟ್" ಒತ್ತಿದರೆ ನಂಬರು ಬ್ಯಾನ್. ಹೋಗುವುದು ಬೋರ್ಡಿನ ಮೇಲೆ, ಕಾರ್ಡಿನ ಮೇಲೆ, ಹಳೇ ಗ್ರಾಹಕರ ಫೋನಿನಲ್ಲಿ ಇರುವ ಅದೇ ನಂಬರು. ಕೊಂಡ ಪಟ್ಟಿಯಲ್ಲಿ ಮನೆ ಹುಡುಕುತ್ತಿರುವವರು ಎಷ್ಟಿದ್ದಾರೋ ಮಾರಿದವನಿಗೂ ಗೊತ್ತಿಲ್ಲ.

ಇಬ್ಬರ ಕಚೇರಿಗೆ ಉಚಿತ ಬಿಸಿನೆಸ್ ಆ್ಯಪ್ ಸಾಕು. ಲೇಬಲ್‌ಗಳನ್ನು ಹೀಗೆ ಮಾಡಿ: ಹೊಸದು, ಮಾತಾಡಿದೆ, ಮನೆ ನೋಡಿದರು, ಚೌಕಾಸಿ, ಮುಗಿಯಿತು, ಬೇಡ. ದಿನಾ ಹತ್ತು ಸಲ ಟೈಪ್ ಮಾಡುವ ಉತ್ತರಗಳನ್ನು ಕ್ವಿಕ್ ರಿಪ್ಲೈಗೆ ಹಾಕಿ, 50ರವರೆಗೆ ಇಡಬಹುದು. ಲೊಕೇಶನ್, ನೋಡುವ ಸಮಯ, ಬೇಕಾದ ದಾಖಲೆಗಳ ಪಟ್ಟಿ, ಈ ಮೂರರಿಂದಲೇ ಅರ್ಧ ಕೆಲಸ ಇಳಿಯುತ್ತದೆ. ಸದ್ಯ ಮಾರಾಟಕ್ಕಿರುವ ಮನೆಗಳನ್ನು ಕ್ಯಾಟಲಾಗ್‌ನಲ್ಲಿಡಿ.

ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. "ಕಳಿಸಿದೆ, ಯಾರೂ ನೋಡಲಿಲ್ಲ" ಅನ್ನುವವರ ಸಮಸ್ಯೆ ಹೆಚ್ಚಾಗಿ ಇದೇ. ಆದ್ದರಿಂದ ಮನೆ ನೋಡಿ ಹೊರಟವರಿಗೆ ಕಾಂಟ್ಯಾಕ್ಟ್ ಕಾರ್ಡ್ ಕಳಿಸಿ, ಅಲ್ಲೇ ನಿಂತು ಸೇವ್ ಮಾಡಿಸಿ. ಪಟ್ಟಿಯನ್ನು ಬಜೆಟ್ ಪ್ರಕಾರ, ಕೋಣೆಗಳ ಪ್ರಕಾರ ಒಡೆಯಿರಿ. 2 ಬೆಡ್‌ರೂಂ ಹುಡುಕುವವನಿಗೆ ವಾಣಿಜ್ಯ ಮಳಿಗೆಯ ವಿವರ ಎರಡು ಸಲ ಹೋದರೆ ಮೂರನೆಯದನ್ನು ತೆರೆಯುವುದಿಲ್ಲ.

ಮುಂದೆ ದೊಡ್ಡದಾಗಿ ಕಳಿಸಬೇಕೆಂದರೆ ಅಧಿಕೃತ ಎಪಿಐ (ಸಾಫ್ಟ್‌ವೇರ್ ಮೂಲಕ ಸಂದೇಶ ಕಳಿಸಲು ವಾಟ್ಸ್ಆ್ಯಪ್ಪೇ ಕೊಡುವ ದಾರಿ) ಇದೆ. ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕಳಿಸಬೇಕು. ಗ್ರಾಹಕ ಕೊನೆಯದಾಗಿ ಬರೆದು 24 ಗಂಟೆ ದಾಟಿದ್ದರೆ ಮೊದಲೇ ಮಂಜೂರಾದ ಟೆಂಪ್ಲೇಟ್ ಬಿಟ್ಟು ಬೇರೇನೂ ಹೋಗದು. ನಿಮ್ಮ ಗಾತ್ರಕ್ಕೆ ಈಗಲೇ ಅದರ ಅಗತ್ಯ ಕಾಣುತ್ತಿಲ್ಲ.

---

ಕ್ಲಿಕ್‌ಲೆಕ್ಕ

ಬೆಲೆ ವಿಚಾರ: ಮಾಲೀಕರು ಹೇಳುವುದು ಪೂರ್ತಿ ಸುಳ್ಳಲ್ಲ, ಬೆಲೆ ಹಾಕಿದರೆ ಫೋನ್ ಕಡಿಮೆಯಾಗುತ್ತದೆ. ಆದರೆ ಬೆಲೆ ಮುಚ್ಚಿಟ್ಟಾಗ ಬರುವ ಫೋನಿನಲ್ಲಿ ಮೊದಲ ಪ್ರಶ್ನೆ ಬೆಲೆ, ಎರಡನೆಯದು ಇಲ್ಲ. ಮಾಲೀಕರು ಒಪ್ಪದಿದ್ದರೆ ಒಂದು ಶ್ರೇಣಿ ಹಾಕಿ, "ಇಷ್ಟರಿಂದ ಇಷ್ಟರೊಳಗೆ" ಎಂದು. ಶ್ರೇಣಿ ಮಾತ್ರ ನಿಜವಾಗಿರಲಿ. ಕಡಿಮೆ ತೋರಿಸಿ ಕರೆಸಿದರೆ ಮುಂದಿನ ಚೌಕಾಸಿ ಆ ಸಂಖ್ಯೆಯಿಂದಲೇ ಶುರುವಾಗುತ್ತದೆ.

ಗೂಗಲ್ ಸರ್ಚ್ ವಿಚಾರಕ್ಕೆ ಬರುತ್ತೇನೆ. ಕರೆಯ ವ್ಯವಸ್ಥೆ ಸರಿಯಾದ ಮೇಲೆ ಬಜೆಟ್ಟಿನ ಕಾಲು ಭಾಗದಿಂದ ಶುರು ಮಾಡಿ. ಹೊಸ ಖಾತೆಯಲ್ಲಿ ಕೈ ಸುಡುವ ಜಾಗಗಳು ಇವು.

ಲೊಕೇಶನ್‌ನಲ್ಲಿ ಮೊದಲೇ ಟಿಕ್ ಆಗಿರುವುದು "ಅಲ್ಲಿರುವವರು ಅಥವಾ ಆಸಕ್ತಿ ಇರುವವರು". ಬಾಡಿಗೆ ಮನೆಗೆ ಅದನ್ನು ಬದಲಿಸಿ "ಅಲ್ಲಿರುವವರು ಮಾತ್ರ" ಎಂದು ಮಾಡಿ. ಮಾರಾಟಕ್ಕೆ, ಹೊರಗಿದ್ದು ಊರಲ್ಲಿ ಮನೆ ಕೊಳ್ಳುವವರು ನಿಮಗೆ ಬೇಕಾದರೆ ಅವರಿಗೆ ಬೇರೆ ಕ್ಯಾಂಪೇನ್ ಮಾಡಿ, ಒಂದರಲ್ಲೇ ಕಲಸಬೇಡಿ. ಗೂಗಲ್ ಹುಡುಕಾಟದ ಹೊರಗಿನ ಸೈಟುಗಳಲ್ಲೂ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್, ಸರ್ಚ್ ಪಾರ್ಟ್‌ನರ್ಸ್ ಎರಡೂ ಟಿಕ್ ಆಗಿರುತ್ತವೆ, ತೆಗೆಯಿರಿ.

ಕೀವರ್ಡ್‌ಗಳನ್ನು (ಜನ ಹುಡುಕುವ ಪದಗಳು) ಫ್ರೇಸ್ ಮತ್ತು ಎಕ್ಸಾಕ್ಟ್‌ನಲ್ಲಿಡಿ (ನೀವು ಕೊಟ್ಟ ಪದಕ್ಕೆ ಹತ್ತಿರದ ಹುಡುಕಾಟಕ್ಕೆ ಮಾತ್ರ), ಬ್ರಾಡ್ (ದೂರದ ನಂಟಿನ ಹುಡುಕಾಟಕ್ಕೂ) ಬೇಡ. ಮೊದಲ ದಿನವೇ ನೆಗೆಟಿವ್ ಪಟ್ಟಿ (ಈ ಪದ ಇದ್ದರೆ ಜಾಹೀರಾತು ತೋರಿಸಬೇಡ ಎಂಬ ಪಟ್ಟಿ) ಹಾಕಿ: ಉದ್ಯೋಗ, ಕೋರ್ಸ್, ಪರೀಕ್ಷೆ, ಸಂಬಳ, ಪಿಜಿ, ಹಾಸ್ಟೆಲ್, ಇಂಟೀರಿಯರ್, ನಕ್ಷೆ, ವಾಸ್ತು, ಲೋನ್ ಕ್ಯಾಲ್ಕುಲೇಟರ್. "ರಿಯಲ್ ಎಸ್ಟೇಟ್ ಏಜೆಂಟ್" ಎಂದು ಹುಡುಕುವವರಲ್ಲಿ ಏಜೆಂಟ್ ಆಗುವುದು ಹೇಗೆಂದು ನೋಡುವವರೂ ಇರುತ್ತಾರೆ. ನೆಗೆಟಿವ್ ಪದದ ಸಮಾನಾರ್ಥಕ, ಏಕವಚನ, ಬಹುವಚನವನ್ನು ಗೂಗಲ್ ತಾನಾಗಿ ಸೇರಿಸಿಕೊಳ್ಳುವುದಿಲ್ಲ, ಎಲ್ಲ ರೂಪವನ್ನೂ ನೀವೇ ಬರೆಯಬೇಕು. ಮೊದಲ ಎರಡು ವಾರ ದಿನ ಬಿಟ್ಟು ದಿನ ಸರ್ಚ್ ಟರ್ಮ್ಸ್ ವರದಿ (ಜನ ನಿಜಕ್ಕೂ ಏನೆಂದು ಹುಡುಕಿದರು ಎಂಬುದು) ತೆಗೆದು ನೋಡಿ.

ದಿನದ ಬಜೆಟ್ ಎರಡು ಮೂರು ಕ್ಲಿಕ್ಕಿಗಷ್ಟೇ ಸಾಲುವಂತಿದ್ದರೆ ಹಾಕದಿರುವುದೇ ಮೇಲು. ಲೆಕ್ಕ ನೋಡಿ: 20 ಕ್ಲಿಕ್ಕಿಗೆ ಒಂದು ವಿಚಾರಣೆ ಅಂತಿಟ್ಟುಕೊಂಡರೆ, ದಿನಕ್ಕೆ ಎರಡು ಕ್ಲಿಕ್ಕಿನಲ್ಲಿ ತಿಂಗಳಿಗೆ ಮೂರು ವಿಚಾರಣೆ. ಅದರಿಂದ ಯಾವ ಜಾಹೀರಾತು ಒಳ್ಳೆಯದೆಂದು ತೀರ್ಮಾನಿಸಲಾಗದು. ಒಂದು ದಿನ ಬಜೆಟ್ಟಿನ ಎರಡು ಪಟ್ಟು ಖರ್ಚಾದರೆ ಹೆದರಬೇಡಿ. ಗೂಗಲ್ ಹಾಗೆ ಮಾಡಬಹುದು, ತಿಂಗಳಿಗೆ ದಿನದ ಬಜೆಟ್ಟಿನ 30.4 ಪಟ್ಟು ದಾಟುವುದಿಲ್ಲ.

ಕೊನೆಯದಾಗಿ ಲೆಕ್ಕದ ಪುಸ್ತಕ. ಒಂದು ಶೀಟ್, ಒಂದು ಲೀಡಿಗೆ ಒಂದು ಸಾಲು: ದಿನಾಂಕ, ಎಲ್ಲಿಂದ ಬಂತು, ಯಾವ ಮನೆ, ಮೊದಲ ಕರೆಗೆ ಎಷ್ಟು ನಿಮಿಷವಾಯಿತು, ಮಾತಾಡಿದರೇ, ನೋಡಿದರೇ, ಮುಗಿಯಿತೇ, ಬೇಡವೆಂದರೆ ಕಾರಣ. "ಎಲ್ಲಿಂದ" ಅನ್ನುವುದು ತಿಳಿಯಬೇಕಾದರೆ ನಿಮ್ಮ ಪ್ರತಿ ಲಿಂಕ್‌ಗೂ ಯುಟಿಎಂ ಬಾಲ (ಕ್ಲಿಕ್ ಎಲ್ಲಿಂದ ಬಂತೆಂದು ತಿಳಿಸಲು ಲಿಂಕಿನ ಕೊನೆಗೆ ಸೇರಿಸುವ ಗುರುತು) ಇರಬೇಕು. ಗೂಗಲ್ ಪ್ರೊಫೈಲ್‌ನ ವೆಬ್‌ಸೈಟ್ ಲಿಂಕ್‌ಗೂ ಹಾಕಿ. ಇಲ್ಲದಿದ್ದರೆ ಮ್ಯಾಪ್‌ನಿಂದ ಬಂದವರು ಮಾಮೂಲಿ ಸರ್ಚ್‌ನವರ ಜೊತೆ ಸೇರಿಹೋಗುತ್ತಾರೆ. ವೆಬ್‌ಸೈಟ್ ಫಾರಂನಲ್ಲಿ ಕಾಣದ ಒಂದು ಖಾನೆ ಮಾಡಿಸಿ ಗೂಗಲ್‌ನ ಕ್ಲಿಕ್ ಐಡಿ (ಒಂದೊಂದು ಕ್ಲಿಕ್ಕಿಗೆ ಅದು ಕೊಡುವ ಗುರುತು) ಹಿಡಿದಿಟ್ಟುಕೊಳ್ಳಿ. ಮನೆ ನೋಡಲು ಬಂದವರ ಐಡಿಗಳನ್ನು ಕ್ಲಿಕ್ ಆದ 90 ದಿನದೊಳಗೆ ಗೂಗಲ್‌ಗೆ ಮರಳಿ ಏರಿಸಬಹುದು. ಆಗ ಅದು ಫಾರಂ ತುಂಬುವವರ ಬದಲು ಮನೆ ನೋಡಲು ಬರುವಂಥವರನ್ನು ಹುಡುಕಲು ಶುರು ಮಾಡುತ್ತದೆ.

"ಬೇಡವೆಂದ ಕಾರಣ" ಖಾನೆಯನ್ನು ತಿಂಗಳಿಗೊಮ್ಮೆ ಓದಿ. ಹತ್ತರಲ್ಲಿ ಆರು ಜನ "ಬೆಲೆ ಜಾಸ್ತಿ" ಎಂದಿದ್ದರೆ ಜಾಹೀರಾತು ಬದಲಿಸಿ ಪ್ರಯೋಜನವಿಲ್ಲ, ಆ ಹಾಳೆ ಹಿಡಿದು ಮಾಲೀಕರ ಹತ್ತಿರ ಹೋಗಿ.

---

ನಕ್ಷೆಪಿನ್

ಒಂದು ಮರೆತಿದ್ದೆ. ಮನೆಗೆ ಅಡ್ವಾನ್ಸ್ ಬಿದ್ದ ದಿನವೇ ಆ ಜಾಹೀರಾತು ನಿಲ್ಲಿಸಿ, ಪೋರ್ಟಲ್‌ನಲ್ಲಿ ಇಳಿಸಿ, ವಾಟ್ಸ್ಆ್ಯಪ್ ಕ್ಯಾಟಲಾಗ್‌ನಲ್ಲಿ ಮರೆಮಾಡಿ. ಹೋದ ಮನೆಯನ್ನು ತೋರಿಸಿ ಫೋನ್ ತರಿಸಿಕೊಂಡು "ಅದು ಹೋಯ್ತು, ಬೇರೆ ಇದೆ" ಅನ್ನುವವರು ಬಹಳ ಜನ. ಮೂರು ರಿವ್ಯೂ ಇರುವ ಪ್ರೊಫೈಲ್‌ಗೆ ಅಂಥ ಕರೆಯಿಂದ ಒಂದು ಸ್ಟಾರ್ ಬಿದ್ದರೆ ಸರಾಸರಿ ಐದರಿಂದ ನೇರ ನಾಲ್ಕಕ್ಕೆ ಬರುತ್ತದೆ.